ಮಾದರಿ ಕೆಮ್ಮು

ಇದು ದೇಹದ್ದೋ, ಅಭಿಪ್ರಾಯದ್ದೋ?

ಹಿತ್ತಲ ಕಟ್ಟೆಯ ಮೇಲೆ ಬೇವಿನ ಕಡ್ಡಿ ಹಿಡಿದು ಕುಳಿತಿದ್ದ ಸೋಮಾರಾಧ್ಯನಿಗೆ ಅದೇ ತಿಳಿಯುತ್ತಿರಲಿಲ್ಲ. ಗಂಟಲಲ್ಲಿ ಏನೋ ಕೂತಿತ್ತು. ಕಫವೆಂದರೆ ಕಫವಲ್ಲ, ಮುಳ್ಳೆಂದರೆ ಮುಳ್ಳಲ್ಲ. ನುಂಗಿದರೆ ಇಳಿಯದು, ಬಿಟ್ಟರೆ ಹೊರಗೆ ಬರುತ್ತದೆ, ಬಂದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಬೇರೆಯವರ ಗಂಟಲಾಗಿದ್ದರೆ ಒಂದು ಗಳಿಗೆಯಲ್ಲಿ ಹೇಳಿಬಿಡುತ್ತಿದ್ದ. ಅವನ ಉದ್ಯೋಗವೇ ಅದು. ತನ್ನ ಗಂಟಲನ್ನು ತಾನೇ ಪರೀಕ್ಷಿಸುವ ಪ್ರಸಂಗ ಇಷ್ಟು ವರ್ಷದ ಸೇವೆಯಲ್ಲಿ ಬಂದಿರಲಿಲ್ಲ. ಬರದಂತೆ ನೋಡಿಕೊಂಡಿದ್ದ ಎಂದರೂ ಸರಿಯೇ.

ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ತನ್ನ ಕೆಮ್ಮಿನ ಬಗ್ಗೆ ಇಷ್ಟು ಯೋಚನೆ ಮಾಡಿದ ಎಂದರೆ ಓದುಗರು ನಗಬಹುದು. ನಗುವ ಮೊದಲು ಆ ರಾಜ್ಯದ ಸಂಗತಿ ತಿಳಿಯಬೇಕು. ಅದು ಬಹಳ ಹಿಂದೆ ಇದ್ದ ರಾಜ್ಯ. ಎಷ್ಟು ಹಿಂದೆ ಎಂದರೆ, ಇವತ್ತಿನ ಯಾರೂ ತಮ್ಮನ್ನು ಕುರಿತೇ ಬರೆದಿದೆ ಎಂದು ಮುನಿಸಿಕೊಳ್ಳುವಂತಿಲ್ಲ, ಅಷ್ಟು ಹಿಂದೆ. ಹೆಸರು ಸೊಗಸಾಪುರ. ಅಲ್ಲಿ ಶ್ರೀಮನ್ಮಹಾರಾಜ ಸುಖಪಾಲ ಭೂಪಾಲರು ಧರ್ಮದಿಂದ ರಾಜ್ಯಭಾರ ಮಾಡುತ್ತಿದ್ದರು. ಅವರ ಮೇಲೆ ಸಮುದ್ರದಾಚೆಯ ಸರ್ಕಾರವೊಂದು ನಿಯಮದಿಂದ ರಾಜ್ಯಭಾರ ಮಾಡುತ್ತಿತ್ತು. ಧರ್ಮಕ್ಕೂ ನಿಯಮಕ್ಕೂ ಜಗಳ ಬಂದರೆ ತೀರ್ಮಾನ ಹೇಳಲೆಂದು ರೆಸಿಡೆಂಟ್ ಥಿಸಲ್ಬಿ ಸಾಹೇಬರು ಊರಾಚೆಯ ಗುಡ್ಡದ ಮೇಲೆ ಬಂಗಲೆ ಕಟ್ಟಿಕೊಂಡು ಇದ್ದರು. ಜಗಳ ಬರುತ್ತಿರಲಿಲ್ಲ. ಧರ್ಮಕ್ಕೆ ಹೊಂದಿಕೊಂಡು ಹೋಗುವ ಸ್ವಭಾವವಿತ್ತು.

ಆ ಆಸ್ಥಾನದಲ್ಲಿ ‘ಬೇಡ’ ಎಂಬ ಮಾತು ಬಳಕೆಯಲ್ಲಿರಲಿಲ್ಲ. ಮಹಾರಾಜರ ಮುತ್ತಜ್ಜನ ಕಾಲದಲ್ಲಿ ಯಾರೋ ಒಬ್ಬರು ಅಂದಿದ್ದರಂತೆ. ಆಮೇಲೆ ಅವರಿಗೆ ಪೇಟ ಇಟ್ಟುಕೊಳ್ಳಲು ಜಾಗವಿಲ್ಲದಂತಾಯಿತು. ಅಂದಿನಿಂದ ಒಪ್ಪಿಗೆಯಿಲ್ಲದವರು ಕೆಮ್ಮುವ ಪದ್ಧತಿ ಬಂತು. ಕೆಮ್ಮು ಯಾರ ತಪ್ಪೂ ಅಲ್ಲ, ಬಂದರೆ ಬಂತು. ಸಭೆಯಲ್ಲಿ ಯಾರಾದರೂ ಕೆಮ್ಮಿದರೆ ರಾಜರು, “ಯಾಕೋ ಇವತ್ತು ಹವೆ ಸರಿಯಿಲ್ಲ, ಈ ವಿಷಯ ಇರಲಿ,” ಎನ್ನುತ್ತಿದ್ದರು. ವಿಷಯ ಅಲ್ಲಿಗೆ ನಿಲ್ಲುತ್ತಿತ್ತು. ರಾಜರ ಮರ್ಯಾದೆಯೂ ಉಳಿಯುತ್ತಿತ್ತು, ಕೆಮ್ಮಿದವನ ಕುತ್ತಿಗೆಯೂ ಉಳಿಯುತ್ತಿತ್ತು. ಹಿಂದೊಮ್ಮೆ ಮುದಿ ಸೇನಾಪತಿಯೊಬ್ಬರ ಕೆಮ್ಮಿನಿಂದ ಪಕ್ಕದ ರಾಜ್ಯದ ಮೇಲಿನ ದಂಡಯಾತ್ರೆಯೇ ನಿಂತು, ಎರಡೂ ಕಡೆಯ ಜನ ಆ ವರ್ಷ ಸುಗ್ಗಿ ಮಾಡಿದರೆಂದು ಪ್ರತೀತಿ.

ತೊಂದರೆ ಬಂದದ್ದು ಚಳಿಗಾಲದಲ್ಲಿ. ನಿಜವಾದ ನೆಗಡಿಯವರು ಕೆಮ್ಮಿ ಅರಮನೆಯ ಮದುವೆಗಳೇ ಮುಂದಕ್ಕೆ ಹೋಗತೊಡಗಿದವು. ಅದಕ್ಕಾಗಿ ಕಂಠಪರೀಕ್ಷಕ ಎಂಬ ಹುದ್ದೆ ಸೃಷ್ಟಿಯಾಯಿತು. ಕಂಠಪರೀಕ್ಷಕನು ಸಿಂಹಾಸನದ ಎಡಗಡೆಯ ಕಂಬದ ಪಕ್ಕ ನಿಲ್ಲಬೇಕು. ಕೆಮ್ಮು ಕೇಳಿದೊಡನೆ ಕೆಮ್ಮಿದವನ ಮುಖ ನೋಡಿ ‘ದೇಹದ್ದು’ ಅಥವಾ ‘ಅಭಿಪ್ರಾಯದ್ದು’ ಎಂದು ಒಂದೇ ಪದ ಹೇಳಬೇಕು. ಅದರ ಮೇಲೆ ಇನ್ನೊಂದು ಪದ ಆಡುವ ಅಧಿಕಾರ ಅವನಿಗಿಲ್ಲ.

ಕಡಲತೀರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಪದವಿ ಪಡೆದು ಬಂದ ಸೋಮಾರಾಧ್ಯನಿಗೆ ಈ ಉದ್ಯೋಗ ಹೇಳಿ ಮಾಡಿಸಿದಂತಿತ್ತು. ಅವನು ಮಾತಿಗಿಂತ ಮಾತು ನಿಂತ ಜಾಗವನ್ನು ಹೆಚ್ಚು ಗಮನಿಸುವವನು. ಪ್ರತಿ ಕೆಮ್ಮಿಗೂ ಮುಂಚೆ ಒಂದು ಮೌನವಿರುತ್ತದೆ. ನೆಗಡಿಯವನ ಮೌನ ಅವಸರದ್ದು, ಹೊರಗೆ ಬರಲು ಚಡಪಡಿಸುತ್ತದೆ. ಒಪ್ಪಿಗೆಯಿಲ್ಲದವನ ಮೌನ ಬಾಗಿಲ ತನಕ ಬಂದು, ಚಪ್ಪಲಿ ಹುಡುಕಿ, ಮತ್ತೆ ಒಳಗೆ ಹೋಗಿ, ಮತ್ತೆ ಬರುತ್ತದೆ. ಇದನ್ನು ಕೇಳಿಸಿಕೊಳ್ಳುತ್ತ ಅವನ ತಲೆ ನೆರೆತಿತ್ತು.

ಹೀಗಿರುತ್ತಿರಲು ಒಂದು ವರ್ಷ ಹಡಗಿನಲ್ಲಿ, ಸಾಹೇಬರ ಬಿಸ್ಕತ್ತಿನ ಪೆಟ್ಟಿಗೆಗಳ ಜೊತೆಗೆ, ಮೂರು ಕಾಯಿದೆಗಳು ಬಂದವು. ಮೊದಲನೆಯದು ಸ್ಥಳೀಯ ಸ್ವಯಂ ಆಡಳಿತದ್ದು. ಅದರ ಪ್ರಕಾರ ಸಮುದ್ರದಾಚೆಯ ಸರ್ಕಾರದ ನಿರ್ಧಾರಗಳನ್ನು ಇನ್ನು ಮುಂದೆ ಸೊಗಸಾಪುರದವರು ತಾವೇ ಸ್ವತಂತ್ರವಾಗಿ ತೆಗೆದುಕೊಳ್ಳಬಹುದಾಗಿತ್ತು. ಆಸ್ಥಾನಕ್ಕೆ ಪೌರಸಭೆ ಎಂದು ಹೆಸರಾಯಿತು. ಕೂತವರು ಅವರೇ, ಕೂತ ಜಾಗವೂ ಅದೇ. ಎದುರಿಗೆ ಒಂದೊಂದು ಮಸಿಕುಡಿಕೆ ಬಂತು. ಎರಡನೆಯದು ಪಿಂಚಣಿಯದು. ಸೇವಾವಧಿಯಲ್ಲಿ ಯಾವುದೇ ಅಭಿಪ್ರಾಯದಿಂದ ಬಳಲದ ನೌಕರರಿಗೆ ಮಾತ್ರ ಪಿಂಚಣಿ ಎಂದು ಅದು ಸಾರಿತು. ಮೂರನೆಯದು ಸಾರ್ವಜನಿಕ ಆರೋಗ್ಯದ್ದು. ಕೆಮ್ಮಿನಿಂದ ರೋಗ ಹರಡುವುದರಿಂದ ಪೌರಸಭೆಯ ಎಲ್ಲೆಯೊಳಗೆ ಕೆಮ್ಮುವುದು ಜೈಲುವಾಸಕ್ಕೆ ಯೋಗ್ಯವಾದ ಅಪರಾಧ.

ಥಿಸಲ್ಬಿ ಸಾಹೇಬರಿಗೆ ಆಸ್ಥಾನದ ಪದ್ಧತಿ ಗೊತ್ತಿರಲಿಲ್ಲ. ದಿವಾನ್ ಮೃದುಭಾಷಿ ಪಂತರಿಗೆ ಗೊತ್ತಿತ್ತು. ಅವರು ಕಾಯಿದೆಯನ್ನು ಕಣ್ಣಿಗೊತ್ತಿಕೊಂಡು ಮಹಾರಾಜರ ಮುಂದೆ ಇಟ್ಟರು.

“ಮಹಾಪ್ರಭು, ಇನ್ನು ತಮ್ಮ ಸಭೆಯ ಹವೆ ಎಂದೆಂದಿಗೂ ಸರಿಯಾಗಿಯೇ ಇರುತ್ತದೆ.”

“ಹೌದೇ? ಅದಕ್ಕಾಗಿ ನಾವು ಏನು ಮಾಡಿದೆವು ಪಂತರೇ?”

“ತಾವು ಉಸಿರಾಡಿದಿರಿ, ಪ್ರಭು. ಹವೆಗೆ ಅಷ್ಟು ಸಾಕಾಯಿತು.”

ಮಹಾರಾಜರು ಸಂತೋಷಪಟ್ಟು ಇನ್ನೊಮ್ಮೆ ಉಸಿರಾಡಿದರು.

ಕಾಯಿದೆ ಜಾರಿಯಾಯಿತು. ಸಂಜೆಯ ಹೊತ್ತು ಊರಿನವರು ಸಂಸಾರಸಮೇತ ಎಲ್ಲೆಕಲ್ಲಿನ ಆಚೆಗೆ ಹೋಗಿ ಮನಸಾರೆ ಕೆಮ್ಮಿ ಬರತೊಡಗಿದರು. ಅಲ್ಲಿ ಕಡಲೆಕಾಯಿ ಮಾರುವವರು ಕೂತರು. ಪಕ್ಕದ ರಾಜ್ಯದವರು ದೂರು ಕೊಟ್ಟಾಗ ದಿವಾನರು ನಮ್ಮ ರಫ್ತು ಹೆಚ್ಚಿದೆ ಎಂದು ವಾರ್ಷಿಕ ವರದಿಯಲ್ಲಿ ಬರೆಸಿದರು. ಸಾಹೇಬರಿಗೆ ಚುಟ್ಟದಿಂದ ಬರುತ್ತಿದ್ದುದನ್ನು ಮಾತ್ರ, ವಿಶೇಷ ಅಧಿಸೂಚನೆಯ ಮೂಲಕ, ಕೆಮ್ಮು ಎನ್ನದೆ ‘ಸೂಚನೆ’ ಎಂದು ಕರೆಯಲಾಯಿತು.

ಆದರೆ ಆ ಕಾಯಿದೆಗೆ ಒಂದು ಬಾಲವಿತ್ತು. ನಿಷೇಧಿಸಿದ ಪ್ರತಿ ಪದಾರ್ಥದ ಒಂದು ಮಾದರಿಯನ್ನು ಪರಿಶೀಲನೆಗಾಗಿ ಸರ್ಕಾರದಲ್ಲಿ ಇಟ್ಟಿರತಕ್ಕದ್ದು ಎಂದು ಅದು ಹೇಳುತ್ತಿತ್ತು. ವಿಷ, ಮದ್ದುಗುಂಡು, ಕಳ್ಳಬಟ್ಟಿಯನ್ನೆಲ್ಲ ಹಾಗೆಯೇ ಇಡುತ್ತಿದ್ದರು. ಕೆಮ್ಮನ್ನು ಸೀಸೆಯಲ್ಲಿ ಇಡುವುದು ಹೇಗೆ? ಪೌರಸಭೆ ಬಹಳ ಚರ್ಚಿಸಿ ಕೊನೆಗೆ ಕಂಠಪರೀಕ್ಷಕನ ಗಂಟಲನ್ನೇ ಅಧಿಕೃತ ಮಾದರಿಯೆಂದು ಘೋಷಿಸಿತು. ಹೀಗಾಗಿ ಇಡೀ ರಾಜ್ಯದಲ್ಲಿ ಕಾನೂನುಬದ್ಧವಾಗಿ ಕೆಮ್ಮಬಹುದಾದ ಮನುಷ್ಯ ಒಬ್ಬನೇ ಉಳಿದ. ಸೋಮಾರಾಧ್ಯ ಒಮ್ಮೆಯೂ ಕೆಮ್ಮಲಿಲ್ಲ. ಇನ್ನೊಂದು ತಿಂಗಳು ಹೀಗೆಯೇ ಕಳೆದರೆ ನಿವೃತ್ತಿ, ಆಮೇಲೆ ಪಿಂಚಣಿ. ಮನೆ ಬಾಡಿಗೆಯದು, ಮೊಣಕಾಲು ಹಳೆಯವು, ಕೈಹಿಡಿದು ನಡೆಸುವ ಮಕ್ಕಳು ಯಾರೂ ಇರಲಿಲ್ಲ.

ಆಗ ಹೊಂಡದ ವಿಷಯ ಬಂತು.

ಊರ ನಡುವೆ ಮೆಟ್ಟಿಲು ಕಟ್ಟಿದ ಒಂದು ಹೊಂಡವಿತ್ತು. ಊರಿಗೆಲ್ಲ ಕುಡಿಯಲು ಅದೇ ನೀರು. ಅದರ ಕೋಡಿಯಲ್ಲಿ ಹರಿದದ್ದರಿಂದ ಮಡಿವಾಳರ ಬದುಕು ನಡೆಯುತ್ತಿತ್ತು. ಆ ವರ್ಷ ತೀರಿಕೊಂಡವರೆಲ್ಲರೂ ಹೊಂಡದ ನೀರು ಕುಡಿದವರೇ ಎಂದು ಆರೋಗ್ಯ ಇಲಾಖೆ ಸಂಶೋಧನೆ ಮಾಡಿ ಕಂಡುಹಿಡಿಯಿತು. ಬದುಕಿರುವವರೂ ಅದನ್ನೇ ಕುಡಿಯುತ್ತಾರಲ್ಲ ಎಂದರೆ, ಬದುಕಿರುವವರು ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಆದ್ದರಿಂದ ಹೊಂಡವನ್ನು ಮಣ್ಣು ಹಾಕಿ ಮುಚ್ಚುವುದು, ಅದರ ಮೇಲೆ ಆರೋಗ್ಯ ಸ್ತಂಭ ನಿಲ್ಲಿಸುವುದು, ಗುಡ್ಡದ ಮೇಲಿನ ಬುಗ್ಗೆಯ ನೀರನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಮಾರುವುದು ಎಂದು ಯೋಜನೆ ತಯಾರಾಯಿತು. ಡಬ್ಬಿಯ ಗುತ್ತಿಗೆ ದಿವಾನರ ಅಳಿಯನಿಗೆ ಸಿಕ್ಕಿತು. ದಿವಾನರು ಆಶ್ಚರ್ಯಪಟ್ಟರು.

ಪೌರಸಭೆ ಸೇರುವ ಹಿಂದಿನ ದಿನ ಇಳಿಹೊತ್ತಿನಲ್ಲಿ ಹೊಂಡದ ಕೇರಿಯವರು ಸೋಮಾರಾಧ್ಯನ ಮನೆಗೆ ಬಂದರು. ಮುಂದೆ ಮಡಿವಾಳರ ಯಜಮಾನ ಕಾಳಿಂಗಣ್ಣ, ಹಿಂದೆ ಒಂದು ಗುಂಪು.

“ಅಯ್ನೋರೇ, ಒಂದೇ ಒಂದು ಕೆಮ್ಮು,” ಎಂದ ಕಾಳಿಂಗಣ್ಣ, ವಸ್ತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು. “ದೊಡ್ಡದೇನೂ ಬ್ಯಾಡಿ. ಸಣ್ಣದು. ಹೊಂಡ ಉಳ್ಕತ್ತದೆ.”

“ಬರೋದು ಬಿಡೋದು ನನ್ನ ಕೈಯಲ್ಲಿಲ್ಲ ಕಾಳಿಂಗಣ್ಣ.”

“ಕೈಯಲ್ಲಿ ಯಾಕ್ ಬುದ್ಧಿ, ಗಂಟ್ಲಲ್ಲಿದ್ರೆ ಸಾಕಲ್ಲ. ನಮ್ ಗಂಟ್ಲಿಗೆ ಜೈಲು, ನಿಮ್ ಗಂಟ್ಲಿಗೆ ಲೈಸೆನ್ಸು.”

“ಮಾರಾಜ್ರು ಒಳ್ಳೇರು,” ಎಂದಿತು ಹಿಂದಿನಿಂದ ಒಂದು ದನಿ. “ಒಂದು ಕೆಮ್ಮು ಕಿವೀಗ್ ಬಿದ್ರೆ ಸಾಕು, ಹವೆ ಸರಿಯಿಲ್ಲ ಅಂದ್ಬುಡ್ತಾರೆ. ಪಾಪ, ಕೇಳುಸ್ಬೇಕಲ್ಲ ಯಾರಾನಾ.”

ಸೋಮಾರಾಧ್ಯ ನೆಲ ನೋಡಿದ. ಗುಂಪಿನಲ್ಲಿದ್ದ ಮುದುಕಿಯೊಬ್ಬಳಿಗೆ ತಾಳ್ಮೆ ಕೆಟ್ಟಿತು.

“ಬರ್ದೇ ಇದ್ರೆ ಒಣಮೆಣಸಿನಕಾಯಿ ಹುರ್ದು ಘಾಟು ಎಬ್ಬಿಸ್ರೋ! ಈ ಸ್ವಾಮಿ ಅದ್ಯಾಕ್ ಕೆಮ್ಮಾಕಿಲ್ವೋ ನಾನೂ ನೋಡ್ತೀನಿ.”

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಸೋಮಾರಾಧ್ಯನ ಹೆಂಡತಿ ಶಿವನಂಜಮ್ಮ ಮಾತ್ರ ನಗಲಿಲ್ಲ. ಅವಳು ಮುದುಕಿಯನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ಅವಳು ಕೇಳಿದಳು, “ಏನಂದ್ಕೊಂಡಿದೀರಿ?”

“ಪಿಂಚಣಿ ಇಲ್ಲದಿದ್ದರೆ ಊಟಕ್ಕೇನು ಮಾಡ್ತೀಯ?”

“ಊಟ ಮಾಡಿ ಕೈ ತೊಳೆಯೋಕೆ ಏನ್ ಮಾಡ್ತೀರಿ?”

ಆಗಲೇ ಇರಬೇಕು, ಗಂಟಲಲ್ಲಿ ಅದು ಬಂದು ಕೂತದ್ದು. ಬೆಳಿಗ್ಗೆ ಎದ್ದು ಬೇವಿನ ಕಡ್ಡಿ ಹಿಡಿದಾಗಲೂ ಹೋಗಿರಲಿಲ್ಲ. ಶಿವನಂಜಮ್ಮ ಕಾಫಿ ಕೊಡುತ್ತ ಅವನ ಮುಖ ನೋಡಿದಳು. ಅವನು ಪೇಟ ಸುತ್ತಿಕೊಂಡು ಹೊರಟ.

ಪೌರಸಭೆ ಸೇರಿತು. ಮಹಾರಾಜರು ಸಿಂಹಾಸನದ ಮೇಲೆ, ಸಾಹೇಬರು ಸಿಂಹಾಸನಕ್ಕಿಂತ ತುಸು ಎತ್ತರದ ಕುರ್ಚಿಯ ಮೇಲೆ ಕುಳಿತರು. ದಿವಾನರು ಯೋಜನೆಯನ್ನು ಓದಿದರು.

“ಮಹಾಪ್ರಭು, ಇದು ಜನರಿಂದ, ಜನರಿಗಾಗಿ, ಜನರನ್ನು ಕೇಳದೆ ರೂಪಿಸಿದ ಸಮಗ್ರ ಪ್ಯಾಕೇಜು. ಹೊಂಡದ ನೀರು ಪುಕ್ಕಟೆ ಸಿಗುವುದರಿಂದ ಪ್ರಜೆಗಳಿಗೆ ಅದರ ಬೆಲೆ ತಿಳಿಯದಾಗಿದೆ. ಬೆಲೆ ತಿಳಿಸುವುದು ಸರ್ಕಾರದ ಕರ್ತವ್ಯ.”

“ಎಷ್ಟು ನಿಸ್ವಾರ್ಥ!” ಎಂದರು ಅರಮನೆಯ ಪುರೋಹಿತರು. “ಭಗೀರಥ ನೀರು ತಂದ. ಮುಚ್ಚುವ ಧೈರ್ಯ ಯಾರಿಗಿತ್ತು?”

ಮಹಾರಾಜರು ಪದ್ಧತಿಯಂತೆ ಕೇಳಿದರು. “ಹವೆ ಹೇಗಿದೆ?”

ಸಭೆ ಸುಮ್ಮನಾಯಿತು. ಸೋಮಾರಾಧ್ಯ ಕಂಬಕ್ಕೆ ಒರಗಿ ಆ ಮೌನವನ್ನು ಕೇಳಿಸಿಕೊಂಡ. ಅದು ಬಾಗಿಲ ತನಕ ಬಂದು ಚಪ್ಪಲಿ ಹುಡುಕುತ್ತಿತ್ತು. ಇಂಥ ಮೌನವನ್ನು ಅವನು ಎಷ್ಟೋ ಗಂಟಲುಗಳ ಹಿಂದೆ ಕೇಳಿದ್ದ. ಇವತ್ತು ಅದು ಎಲ್ಲಿಂದ ಬರುತ್ತಿದೆ ಎಂದು ಸುತ್ತ ನೋಡಿದ. ಬೇರೆ ಎಲ್ಲಿಂದಲೂ ಅಲ್ಲ.

ಅಷ್ಟರಲ್ಲಿ ಕಿಟಕಿಯಿಂದ ಘಾಟು ಒಳಗೆ ಬಂತು.

ಅರಮನೆಯ ಗೋಡೆಯ ಆಚೆ, ಬೀದಿಯಲ್ಲಿ, ಯಾರೋ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಹುರಿಯುತ್ತಿದ್ದುದು ಒಗ್ಗರಣೆಗಲ್ಲ ಎಂದು ಮೂಗಿದ್ದವರಿಗೆಲ್ಲ ತಿಳಿಯುವಂತಿತ್ತು. ಅದು ಮೊದಲು ಖಜಾಂಚಿಯವರನ್ನು ತಲುಪಿತು. ಅವರು ಮಸಿಕುಡಿಕೆಯನ್ನು ಮೂಗಿಗೆ ಒತ್ತಿಕೊಂಡು ನೀಲಿಯಾದರು. ಪುರೋಹಿತರು ಉತ್ತರೀಯದ ತುದಿಯನ್ನು ಬಾಯಿಗೆ ತುರುಕಿಕೊಂಡು, ಸಾಲದೆ, ಮಧ್ಯಭಾಗವನ್ನೂ ತುರುಕಿಕೊಂಡರು. ಪೌರಸಭೆಯ ಸದಸ್ಯರೆಲ್ಲರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು. ಒಬ್ಬರಾದರೂ ಕೆಮ್ಮಲಿಲ್ಲ. ಕಾಯಿದೆಯ ಬಲ ಅಂಥದು.

“ನೋಡಿ ಪ್ರಭು,” ಎಂದರು ದಿವಾನರು, ತಾವೂ ಅಳುತ್ತ, “ಯೋಜನೆ ಕೇಳಿ ಸದಸ್ಯರಿಗೆ ಆನಂದಬಾಷ್ಪ!”

“ನಮಗೂ ಬರುತ್ತಿದೆ,” ಎಂದರು ಮಹಾರಾಜರು, ಮೂಗು ಹಿಡಿದುಕೊಂಡು.

ಆಗ ಸಾಹೇಬರು ಛಾವಣಿ ಅದುರುವಂತೆ ಕೆಮ್ಮಿದರು. ಸೂಚನೆಯನ್ನು ಸಭೆ ಚಪ್ಪಾಳೆಯಿಂದ ಸ್ವಾಗತಿಸಿತು. ಚಪ್ಪಾಳೆ ನಿಂತ ಮೇಲೆ ಇನ್ನೊಂದು ಸದ್ದು ಕೇಳಿತು. ಸಣ್ಣದು. ಎಡಗಡೆಯ ಕಂಬದ ಪಕ್ಕದಿಂದ ಬಂದದ್ದು.

ಮಾದರಿ ಕೆಮ್ಮಿತ್ತು.

ಎಲ್ಲರೂ ಅತ್ತ ತಿರುಗಿದರು. ಮಹಾರಾಜರ ಮುಖದಲ್ಲಿ ಏನೋ ಹಳೆಯದು ಎಚ್ಚರವಾಯಿತು. ಅವರು ಸಿಂಹಾಸನದಲ್ಲಿ ಸ್ವಲ್ಪ ಮುಂದೆ ಸರಿದು, ತಂದೆಯಿಂದ ಕಲಿತ ಮಾತನ್ನು ತಾವಾಗಿಯೇ ಶುರುಮಾಡಿದರು. “ಯಾಕೋ ಇವತ್ತು ಹವೆ...”

ಕಿಟಕಿಯ ಹೊರಗೆ ಬಾಣಲೆಯಲ್ಲಿ ಸೌಟಾಡುವ ಸದ್ದು ನಿಂತಿತು.

“ಕ್ಷಮಿಸಬೇಕು, ಪ್ರಭು,” ಎಂದರು ದಿವಾನರು ಮೆತ್ತಗೆ. “ಪ್ರಕ್ರಿಯೆ ಎಂಬುದೊಂದಿದೆ. ಮೊದಲು ಕೆಮ್ಮಿನ ವರ್ಗೀಕರಣವಾಗಬೇಕು. ಕಂಠಪರೀಕ್ಷಕರೇ, ಈಗ ಬಂದದ್ದು ದೇಹದ್ದೋ, ಅಭಿಪ್ರಾಯದ್ದೋ?”

ಸೋಮಾರಾಧ್ಯ ಬಾಯಿ ತೆರೆದ.

“ಅವಸರವಿಲ್ಲ. ಮುಖ ನೋಡಿ ಹೇಳುವುದು ತಮ್ಮ ಪದ್ಧತಿಯಲ್ಲವೇ? ಯಾರಲ್ಲಿ, ಕನ್ನಡಿ ತನ್ನಿ. ಹಾಗೆಯೇ ಆ ಪಿಂಚಣಿ ನಿಯಮಾವಳಿಯನ್ನೂ ತನ್ನಿ, ಓದುವುದಕ್ಕಲ್ಲ, ಸುಮ್ಮನೆ ಪಕ್ಕದಲ್ಲಿರಲಿ.”

ಕನ್ನಡಿ ಬಂತು. ಅದರಲ್ಲಿ ಒಬ್ಬ ಮುದುಕ ಇದ್ದ. ಕಣ್ಣಲ್ಲಿ ನೀರಿತ್ತು, ಅದನ್ನು ಘಾಟಿನ ಲೆಕ್ಕಕ್ಕೆ ಬರೆಯಬಹುದಿತ್ತು. ಆದರೆ ತುಟಿಯ ಪಕ್ಕದಲ್ಲಿ ಒಂದು ಬಿಗಿ ಇತ್ತು. ಆ ಬಿಗಿಯನ್ನು ಸೋಮಾರಾಧ್ಯ ಸೇನಾಪತಿಗಳ ಮುಖದಲ್ಲಿ, ಪಂಡಿತರ ಮುಖದಲ್ಲಿ, ಒಮ್ಮೆ ಅಡಿಗೆಯವನೊಬ್ಬನ ಮುಖದಲ್ಲಿ ನೋಡಿದ್ದ. ನೋಡಿದಾಗಲೆಲ್ಲ ತಡಮಾಡದೆ ಒಂದೇ ಪದ ಹೇಳಿದ್ದ. ಎಂದೂ ತಪ್ಪಿರಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು.

“ದೇಹದ್ದು, ಮಹಾಪ್ರಭು,” ಎಂದ.

ಒಂದೇ ಪದ ಆಡಬೇಕಾದವನು ಎರಡು ಪದ ಆಡಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

“ಹವೆ ಚೆನ್ನಾಗಿದೆ,” ಎಂದರು ಮಹಾರಾಜರು, ಹಿಂದಕ್ಕೆ ಒರಗಿ. ಯೋಜನೆ ಸರ್ವಾನುಮತದಿಂದ ಪಾಸಾಯಿತು.

ಮುಂದಿನದು ಬೇಗ ಬೇಗ ನಡೆಯಿತು. ಹೊಂಡಕ್ಕೆ ಮಣ್ಣು ಬಿತ್ತು. ಅದರ ಮೇಲೆ ಅಮೃತಶಿಲೆಯ ಆರೋಗ್ಯ ಸ್ತಂಭ ಎದ್ದಿತು. ತುದಿಯಲ್ಲಿ ಮುಚ್ಚಿದ ಬಾಯಿಯೊಂದನ್ನು ಕೆತ್ತಿದ್ದರು. ದಿವಾನರಿಗೆ ಸಮುದ್ರದಾಚೆಯಿಂದ ‘ಹವಾಸಂರಕ್ಷಕ’ ಎಂಬ ಬಿರುದು, ಅವರ ಅಳಿಯನಿಗೆ ಡಬ್ಬಿಯ ಗುತ್ತಿಗೆಯ ಜೊತೆಗೆ ಡಬ್ಬಿಯ ಮುಚ್ಚಳದ ಗುತ್ತಿಗೆಯೂ ಬಂತು. ಸ್ತಂಭದ ಖರ್ಚಿಗೆ ಜನರ ಮೇಲೆ ಆರೋಗ್ಯ ಕರ ಹಾಕಿದರು. ಸ್ತಂಭ ತಾನಾಗಿ ಕಣ್ಣಿಗೆ ಬೀಳುವುದರಿಂದ ನೋಟದ ಕರವನ್ನೂ ಹಾಕಿದರು. ಮೆಣಸಿನಕಾಯಿ ಹುರಿಯಲು ಪರವಾನಗಿ ಕಡ್ಡಾಯವಾಯಿತು. ಪರವಾನಗಿ ಪಡೆಯಲು ಮೂರು ಜನ ಗಣ್ಯರಿಂದ ತನ್ನ ಸಾರಿನ ಬಗ್ಗೆ ಶಿಫಾರಸು ತರಬೇಕಿತ್ತು. ಕೆಮ್ಮು ಸಂಪೂರ್ಣ ನಿರ್ಮೂಲವಾಯಿತೆಂದು ಘೋಷಿಸಿ, ಕಂಠಪರೀಕ್ಷಕನ ಹುದ್ದೆಯನ್ನು ರದ್ದು ಮಾಡಿ, ಸೋಮಾರಾಧ್ಯನಿಗೆ ಶಾಲು ಹೊದಿಸಿ ‘ಕಂಠಶುದ್ಧಿ ಶಿರೋಮಣಿ’ ಎಂದು ಕರೆದರು. ಪಿಂಚಣಿ ಮಂಜೂರಾಯಿತು. ಅದನ್ನು ನೀರಿನ ಡಬ್ಬಿಯ ವರಮಾನದಿಂದ ಕೊಡತಕ್ಕದ್ದೆಂದು ಆದೇಶವಾಯಿತು.

ಹೊಂಡದ ಕೇರಿಯವರು ಬಟ್ಟೆಯ ಗಂಟು ಹೊತ್ತು ಎಲ್ಲೆಕಲ್ಲಿನ ಆಚೆಯ ಹಳ್ಳಕ್ಕೆ ಹೋಗತೊಡಗಿದರು. ಒಂದು ದಿನ ದಾರಿಯಲ್ಲಿ ಕಾಳಿಂಗಣ್ಣ ಸಿಕ್ಕಿದ. ಸೋಮಾರಾಧ್ಯ ಬೈಗುಳಕ್ಕೆ ಸಿದ್ಧನಾಗಿ ನಿಂತ. ಕಾಳಿಂಗಣ್ಣ ಗಂಟನ್ನು ಕೆಳಗಿಳಿಸಿ ಬೆವರು ಒರೆಸಿಕೊಂಡ.

“ಬುಡಿ ಅಯ್ನೋರೇ, ದೇಹ ಅಂದ್ಮ್ಯಾಲೆ ಯಾರೇನ್ ಮಾಡಾಕಾಯ್ತದೆ? ನೀವು ಸುಳ್ಳು ಹೇಳೋರಲ್ಲ, ಊರಿಗೇ ಗೊತ್ತು. ಈಗ ಹೆಂಗದೆ ಗಂಟ್ಲು?”

“ಪರವಾಗಿಲ್ಲ.”

“ಜೇನುತುಪ್ಪ ನೆಕ್ಕಿ. ನಮ್ಮನ್ಯಾಗೈತೆ, ಕಳಿಸ್ಕೊಡ್ತೀನಿ.”

ಜೇನುತುಪ್ಪ ಆ ಸಂಜೆಯೇ ಬಂತು. ಸೋಮಾರಾಧ್ಯ ಅದನ್ನು ಮುಟ್ಟಲಿಲ್ಲ. ಇರುವೆ ಮುತ್ತುತ್ತದೆಂದು ಶಿವನಂಜಮ್ಮ ಕುಡಿಕೆಯನ್ನು ನೀರಿನ ತಟ್ಟೆಯಲ್ಲಿ ಇಡಲು ಹೋದಳು. ಡಬ್ಬಿಯ ನೀರಿನ ಬೆಲೆ ನೆನಪಾಗಿ ಸುಮ್ಮನೆ ಗೂಡಿನಲ್ಲಿಟ್ಟಳು. ಆಮೇಲೆ ಬಂದು ಅವನೆದುರಿಗೆ ಕೂತಳು. ಸಭೆಯ ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

“ಒಂದು ಮಾತು ಕೇಳಿ,” ಎಂದಳು. “ಅವತ್ತು ಅರಮನೆ ಗೋಡೆ ಹಿಂದೆ ಹುರಿದೋಳು ನಾನೇ. ಆ ಮುದುಕಿ ಮಾತು ಕೇಳಿ. ನಿಮಗೆ ಸಹಾಯ ಆಗುತ್ತೆ ಅಂದ್ಕೊಂಡೆ.”

ಅವನು ಗೂಡಿನಲ್ಲಿದ್ದ ಕುಡಿಕೆಯ ಕಡೆ ನೋಡಿದ.

“ನೀವು ನಿಜವಾಗಿ ಕೆಮ್ಮೋರಿದ್ರೇನೋ. ನಾನು ಘಾಟು ಎಬ್ಬಿಸಿ ಅದನ್ನ ಬರೀ ಮೈಯಿಂದು ಮಾಡಿಬಿಟ್ಟೆ. ನನ್ನಿಂದ್ಲೇ ಹೊಂಡ ಹೋಯ್ತು ಅಲ್ವೇನ್ರೀ?”

ಬಾಗಿಲ ತನಕ ಒಂದು ಮೌನ ಬಂತು. ಸೋಮಾರಾಧ್ಯ ಅದನ್ನು ಚೆನ್ನಾಗಿ ಕೇಳಿಸಿಕೊಂಡ. ಗಂಟಲು ಸರಿಮಾಡಿಕೊಂಡು, “ನೀರು ಕೊಡು,” ಎಂದ. ಅವಳು ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆಗೆದಳು.

ಅವರಿಬ್ಬರೂ ಇನ್ನೂ ಬಹಳ ವರ್ಷ ಬದುಕಿದರು. ಪಿಂಚಣಿ ತಪ್ಪದೆ ಬರುತ್ತಿತ್ತು. ಅವಳು ಮತ್ತೆ ಎಂದೂ ಮೆಣಸಿನಕಾಯಿ ಹುರಿಯಲಿಲ್ಲ. ಸಭೆಯ ದಿನ ಅವಳು ಬಾಣಲೆ ಎತ್ತಿಕೊಂಡು ಹೊರಡುವುದಕ್ಕೆ ಮುಂಚೆಯೇ, ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತಾಗಲೇ, ಆ ಕೆಮ್ಮು ತನ್ನ ಗಂಟಲಲ್ಲಿತ್ತೆಂದೂ ಅದು ಅಭಿಪ್ರಾಯದ್ದೇ ಎಂದೂ ಸೋಮಾರಾಧ್ಯ ಅವಳಿಗೆ ಎಂದೂ ಹೇಳಲಿಲ್ಲ.